ಲೆಕ್ಕದ ಹೊರಗಿನ ಹೊಗೆ

"ಸ್ವಲ್ಪ ಆಚೆ ನಿಲ್ಲಿ ಮೇಡಂ... ಮತ್ತೆ ನನ್ನನ್ನು ಬೈಬೇಡಿ!"

ಆ ಮಾತು ಅನಘಳ ಕಿವಿಗೆ ಬೀಳುವಷ್ಟರಲ್ಲಿ ತಡವಾಗಿತ್ತು. ಹಳೆಯ ವ್ಯಾನ್ ಒಮ್ಮೆ ಕೆಮ್ಮಿತು, ಇಡೀ ಮೈ ನಡುಗಿಸಿತು, ಹಿಂದಿನಿಂದ ಬುಸ್ಸೆಂದು ಕಪ್ಪು ಹೊಗೆ ಬಿಟ್ಟಿತು. ಅವಳ ತಿಳಿನೀಲಿ ಚೂಡಿದಾರದ ಶಾಲು ಮಸಿಯಲ್ಲಿ ಅದ್ದಿ ತೆಗೆದಂತಾಯಿತು!

ವ್ಯಾನಿನಿಂದ ಇಳಿಯುತ್ತಿದ್ದ ಹೆಂಗಸರೆಲ್ಲ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು.

ಚಾಲಕನ ಬಾಗಿಲಿನಿಂದ ಧುಮುಕಿದ ಯುವಕ ಮಾತ್ರ ನಗಲಿಲ್ಲ. ಕೈಯಲ್ಲಿದ್ದ ಬಟ್ಟೆಯನ್ನು ಅವಳತ್ತ ಚಾಚಿದ. ಅದು ಅವಳ ಶಾಲಿಗಿಂತಲೂ ಕಪ್ಪಗಿತ್ತು.

"ಒರೆಸ್ಲಿಕ್ಕೆ ಬೇಕಾ?"

"ಬೇಡ! ನಿಮ್ಮ ವ್ಯಾನಿನ ಡೀಸೆಲ್ ಲೆಕ್ಕ ಕೊಡಿ, ಸಾಕು."

"ಓ... ಹೊಗೆ ಅಳೀಲಿಕ್ಕೆ ಬರುವ ಮೇಡಂ ನೀವೇಯಾ? ಹಾಗಾದ್ರೆ ಅಳತೆ ಸಿಕ್ಕಿತಲ್ಲ, ಶಾಲಿನಲ್ಲೇ ಉಂಟು."

ಅನಘಳಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಗು. ಅದನ್ನು ತಡೆಯಲು ಅವಳು ಕೈಯಲ್ಲಿದ್ದ ಫೈಲನ್ನು ಮುಖಕ್ಕೆ ಅಡ್ಡ ಹಿಡಿದಳು. ಅಷ್ಟರಲ್ಲಿ ಅವನು ನೋಡಿಯಾಗಿತ್ತು!

ಪಡುಬೆಳಕು ಗೇರುಬೀಜ ಕಂಪನಿ ಆ ವರ್ಷ ಒಂದು ದೊಡ್ಡ ಮಾತು ಕೊಟ್ಟಿತ್ತು. 2040ರೊಳಗೆ ನೆಟ್ ಝೀರೋ! ಅಂದರೆ, ಕಂಪನಿಯಿಂದ ಗಾಳಿಗೆ ಸೇರುವ ಕಾರ್ಬನ್ ಅನ್ನು ಆದಷ್ಟು ಇಳಿಸುವುದು, ಇಳಿಸಲಾಗದೆ ಉಳಿದದ್ದನ್ನು ಬೇರೆ ದಾರಿಯಿಂದ ಸರಿದೂಗಿಸಿ ಸೊನ್ನೆಗೆ ತರುವುದು. ಬೀಜ ಕೊಳ್ಳುವ ಪರದೇಶದ ವ್ಯಾಪಾರಿಗಳು ಅದನ್ನು ಕೇಳಿದ್ದರು. ಮಾತು ಕೊಡುವುದು ಸುಲಭ, ಲೆಕ್ಕ ಇಡಲು ಮಾತ್ರ ಒಬ್ಬರು ಬೇಕಲ್ಲ! ಹಾಗೆ ಒಂದು ವರ್ಷದ ಕರಾರಿನ ಮೇಲೆ ಸೇರಿದವಳು ಅನಘ. ಕದ್ರಿಯ ಹುಡುಗಿ, ಪರಿಸರ ವಿಜ್ಞಾನ ಓದಿದವಳು. ಕೊಡಿಯಾಲ್‌ಬೈಲಿನ ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಅವಳ ಕೆಲಸ. ಆ ಡಿಸೆಂಬರ್ ಬೆಳಿಗ್ಗೆ ಊರ ಹೊರಗಿನ ಫ್ಯಾಕ್ಟರಿಗೆ ಅವಳು ಮೊದಲ ಸಲ ಬಂದಿದ್ದಳು.

ಹೊಗೆ ಬಿಟ್ಟ ವ್ಯಾನ್ ಫ್ಯಾಕ್ಟರಿಯ ಹೆಂಗಸರನ್ನು ಹಳ್ಳಿಗಳಿಂದ ಕರೆತರುವ ವ್ಯಾನ್. ಅದನ್ನು ಓಡಿಸುವವನು, ರಿಪೇರಿ ಮಾಡುವವನು, ಮುದ್ದು ಮಾಡುವವನು ಶೋಭಿತ್. ಅವನ ತಾಯಿ ಗಿರಿಜಾ ಅದೇ ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷದಿಂದ ಬೀಜ ಒಡೆಯುತ್ತಿದ್ದರು. ಬೀಜದ ಸೊನೆ ತಾಗಿ ತಾಗಿ ಅವರ ಎರಡೂ ಅಂಗೈ ಕಪ್ಪಾಗಿದ್ದವು.

ಅಳತೆಗೆಂದು ಅನಘ ಒಂದು ವಾರ ಆ ವ್ಯಾನಿನಲ್ಲೇ ಓಡಾಡಿದಳು. ಎಷ್ಟು ಕಿಲೋಮೀಟರ್, ಎಷ್ಟು ಲೀಟರ್, ಎಷ್ಟು ಜನ... ಎಲ್ಲ ಬರೆದುಕೊಂಡಳು.

"ನೋಡೇ!" ಹಿಂದಿನ ಸೀಟಿನಿಂದ ಒಬ್ಬಳು ಕೂಗಿದಳು. "ಇವತ್ತು ಹೊಂಡ ಹೊಂಡಕ್ಕೂ ಬ್ರೇಕ್ ಹಾಕ್ತಾನೆ. ನಾವು ಮಾತ್ರ ಇರುವಾಗ ಹಾರಿಸಿಕೊಂಡು ಹೋಗ್ತಾನೆ ಮಾರಾಯ್ತಿ!"

"ಮೇಡಂಗೆ ಬರೀಲಿಕ್ಕೆ ಉಂಟಲ್ಲ, ಅದಕ್ಕೆ," ಎಂದ ಶೋಭಿತ್, ಕನ್ನಡಿಯಲ್ಲಿ ಅವಳನ್ನು ನೋಡುತ್ತಾ.

"ಹೌದೌದು! ನಮಗೆ ಗೊತ್ತಿಲ್ವಾ!"

ಇಡೀ ವ್ಯಾನ್ ನಕ್ಕಿತು. ಅನಘಳ ಕೆನ್ನೆ ಕೆಂಪಾಯಿತು. ಮುಂದಿನ ಸೀಟಿನಲ್ಲಿದ್ದ ಗಿರಿಜಕ್ಕ ಮಾತ್ರ ಏನೂ ಗೊತ್ತಿಲ್ಲದವರಂತೆ ಕಿಟಕಿಯ ಹೊರಗೆ ನೋಡುತ್ತಿದ್ದರು. ಹೆತ್ತವಳಿಗೆ ಗೊತ್ತಾಗದೆ ಇರುತ್ತದೆಯೇ?

ವಾರ ಮುಗಿಯಿತು. ಅಳತೆ ಮುಗಿಯಲಿಲ್ಲ! ಏನಾದರೊಂದು ನೆಪ... 'ಟಯರಿನ ಗಾಳಿ ಎಷ್ಟು?', 'ಸರ್ವಿಸ್ ಯಾವಾಗ?' ಕೇಳಬೇಕಾದ್ದು ಇನ್ನೂ ಉಂಟು ಎಂದು ಅವಳು, ಹೇಳಬೇಕಾದ್ದು ಇನ್ನೂ ಉಂಟು ಎಂದು ಅವನು. ಶನಿವಾರ ಸಂಜೆ ಹಂಪನಕಟ್ಟೆಯ ಹೋಟೆಲಿನಲ್ಲಿ ಒಂದು ಪ್ಲೇಟ್ ಗೋಳಿಬಜೆ, ಎರಡು ಚಹಾ. ಮಾತು ಮಾತ್ರ ಡೀಸೆಲಿನದ್ದೇ.

ಫೆಬ್ರವರಿಯ ಒಂದು ಭಾನುವಾರ ಕದ್ರಿ ಪಾರ್ಕಿನಲ್ಲಿ ಅವನು ಅವಳ ಮಡಿಲಿಗೆ ಮೂರು ದಪ್ಪ ನೋಟುಬುಕ್ಕುಗಳನ್ನಿಟ್ಟ.

"ಮೂರು ವರ್ಷದ್ದು. ಯಾವ ದಿನ ಎಷ್ಟು ಡೀಸೆಲ್, ಯಾರು ಹತ್ತಿದ್ರು, ಯಾರು ರಜೆ... ಎಲ್ಲ ಉಂಟು. ಆಫೀಸಿಗೆ ಇದು ಗೊತ್ತಿಲ್ಲ. ನಿಮಗೆ ಅಂತ ಕೊಡುದು."

ಅನಘ ಪುಟ ತಿರುಗಿಸಿದಳು. ಒಂದೊಂದು ದಿನಕ್ಕೂ ಎರಡು ಟ್ರಿಪ್ ಸೇರಿ ನಲವತ್ತೆರಡು ಹೆಸರು.

"ಒಂದೇ ಮಾತು ಮೇಡಂ. ಇದ್ರಿಂದ ಆ ಹೆಂಗಸರಿಗೆ ತೊಂದರೆ ಆಗ್ಬಾರ್ದು."

"ಛೇ, ಎಂತ ತೊಂದರೆ? ಈ ವ್ಯಾನಿನ ಬದಲಿಗೆ ಕರೆಂಟಿನ ಬಸ್ ತರಿಸ್ಬೇಕು ಅಂತ ನಾನು ಬರೀತಿದ್ದೇನೆ. ಹೊಗೆ ಇಲ್ಲದ್ದು. ನಾನು ಇದ್ದೇನಲ್ಲ... ನನ್ನ ಮೇಲೆ ನಂಬಿಕೆ ಇಲ್ವಾ?"

"ನಂಬಿಕೆ ಇಲ್ಲದ್ರೆ ಕೊಡ್ತಿದ್ದೆನಾ?"

ಅವನು ಇನ್ನೇನೋ ಹೇಳಲು ಬಾಯಿ ತೆರೆದ. ಅವಳು ಕಾದಳು. ಪಕ್ಕದ ಬೆಂಚಿಗೆ ಒಂದು ಸಂಸಾರ ಬಂದು ಕೂತು ಚುರುಮುರಿ ಹಂಚಿಕೊಳ್ಳಲು ಶುರು ಮಾಡಿತು. ಅವನು ಬಾಯಿ ಮುಚ್ಚಿದ. 'ಇರಲಿ, ಮುಂದಿನ ವಾರ ಹೇಳಿಯೇ ಹೇಳುತ್ತಾನೆ,' ಎಂದುಕೊಂಡಳು ಅನಘ. ಹೇಳದೆ ಉಳಿದ ಮಾತಿಗೆ ಮುಂದಿನ ವಾರ ಬರಲೇ ಇಲ್ಲ.

* * *

ಅನಘಳ ಟಿಪ್ಪಣಿಯಲ್ಲಿ ಎರಡು ಸಾಲುಗಳಿದ್ದವು. ಒಂದು, ಹಳೆಯ ವ್ಯಾನನ್ನು ನಿಲ್ಲಿಸಬೇಕು. ಎರಡು, ಕರೆಂಟಿನ ಬಸ್ ಬರುವ ತನಕ ವ್ಯಾನನ್ನು ನಿಲ್ಲಿಸಬಾರದು.

ಜನರಲ್ ಮ್ಯಾನೇಜರ್ ಮೋಹನದಾಸರು ಅದನ್ನು ಓದಿ ಸಂತೋಷಪಟ್ಟರು. ಮರುದಿನ ಅವರ ಮೇಜಿನಿಂದ ಬಂದ ಆದೇಶದಲ್ಲಿ ಒಂದೇ ಸಾಲಿತ್ತು. ಏಪ್ರಿಲ್ ಒಂದರಿಂದ ವ್ಯಾನ್ ಬಂದ್.

"ಸರ್... ಎರಡನೆಯ ಸಾಲು?"

"ಬಸ್ ಬರ್ತದೆ ಅನಘ. ಮೇ ಮುಗಿಯುವಷ್ಟರಲ್ಲಿ ಬರ್ತದೆ. ಹೊಸ ವರ್ಷದ ಲೆಕ್ಕ ಏಪ್ರಿಲ್ಲಿಗೆ ಶುರು. ಮೊದಲ ದಿನದಿಂದಲೇ ಇಳಿಕೆ ಕಾಣ್ಬೇಕು ಅಲ್ವಾ? ಎರಡು ತಿಂಗಳು ಅಷ್ಟೇ."

"ಅಲ್ಲಿಯ ತನಕ ಅವರು ಹೇಗೆ ಬರುದು ಸರ್?"

"ಹೇಗೋ ಬರ್ತಾರೆ. ಎಲ್ಲರ ಮನೆಯಲ್ಲೂ ಬೈಕ್ ಉಂಟು ಈಗ. ಲೆಕ್ಕ ನಿಮ್ಮದಲ್ವಾ, ನೀವು ಸಹಿ ಹಾಕಿ."

ಅನಘ ಪೆನ್ನು ಹಿಡಿದು ಕೂತಳು. ಇದು ಅವಳ ಮೊದಲ ಕೆಲಸ. ಮೊದಲ ಬಾರಿಗೆ ಅವಳ ಹೆಸರಿನ ಕೆಳಗೆ ಒಂದು ದೊಡ್ಡ ಸಂಖ್ಯೆ ಬರುವುದಿತ್ತು, ಕಂಪನಿಯ ಹೊಗೆಯಲ್ಲಿ ಶೇಕಡಾ ಹನ್ನೊಂದು ಇಳಿಕೆ. 'ಎರಡು ತಿಂಗಳು ತಾನೇ...' ಎಂದಿತು ಮನಸ್ಸು. 'ಶೋಭಿತ್‌ಗೆ ಹೇಳಿದರೆ ಅರ್ಥವಾಗುತ್ತದೆ,' ಎಂದೂ ಹೇಳಿತು.

ಅವಳು ಸಹಿ ಹಾಕಿದಳು. ಅವನಿಗೆ ಹೇಳಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುವಷ್ಟರಲ್ಲಿ ಮಾರ್ಚ್ ಮುಗಿಯಿತು.

ಏಪ್ರಿಲ್ ಒಂದರ ಮಧ್ಯಾಹ್ನ ಶೋಭಿತ್ ಕೊಡಿಯಾಲ್‌ಬೈಲಿನ ಆಫೀಸಿಗೆ ಬಂದ. ಅವನು ಅಲ್ಲಿಗೆ ಕಾಲಿಟ್ಟದ್ದು ಅದೇ ಮೊದಲು. ಬೆವರಿಗೆ ಅಂಗಿ ಮೈಗೆ ಅಂಟಿತ್ತು. ಆದೇಶದ ಪ್ರತಿಯನ್ನು ಅವಳ ಮೇಜಿನ ಮೇಲಿಟ್ಟ.

"ಸಹಿ ನಿಮ್ಮದೇಯಾ?"

"ಶೋಭಿತ್, ಒಂದು ನಿಮಿಷ ಕೂತ್ಕೊಳ್ಳಿ..."

"ನಿಮ್ಮದೇಯಾ ಅಂತ ಕೇಳಿದ್ದು."

"...ಹೌದು."

"ನನ್ನ ನೋಟುಬುಕ್ ಇಟ್ಕೊಂಡೇ ಅಲ್ವಾ ಇದನ್ನು ಬರೆದದ್ದು?"

ಅದಕ್ಕೂ ಉತ್ತರ ಹೌದು. ಆಫೀಸಿನ ಎಂಟು ಜೊತೆ ಕಣ್ಣುಗಳು ಅವರನ್ನೇ ನೋಡುತ್ತಿದ್ದವು. ಎರಡನೆಯ ಸಾಲಿನ ವಿಷಯ ಅವಳ ನಾಲಿಗೆಯ ತುದಿಗೆ ಬಂದು ಅಲ್ಲೇ ನಿಂತಿತು. ಆ ಸಾಲು ಇಲ್ಲವೆಂದು ಗೊತ್ತಿದ್ದೇ ಸಹಿ ಹಾಕಿದವಳು ಅವಳಲ್ಲವೇ!

"ಎರಡು ತಿಂಗಳು ಅಷ್ಟೇ ಶೋಭಿತ್... ಬಸ್ ಬರ್ತದೆ."

"ಹೆದ್ದಾರಿಯಿಂದ ಫ್ಯಾಕ್ಟರಿಗೆ ಎರಡು ಕಿಲೋಮೀಟರ್ ಉಂಟು. ನೀವು ಎರಡು ತಿಂಗಳು ನಡೀತೀರಾ?"

ಅವನು ಉತ್ತರಕ್ಕೆ ಕಾಯಲಿಲ್ಲ. ಅವನ ನಂಬರಿಗೆ ಅವಳು ಆ ವಾರ ಇಪ್ಪತ್ತು ಸಲ ಕರೆ ಮಾಡಿದಳು. ಒಂದನ್ನೂ ಅವನು ಎತ್ತಲಿಲ್ಲ. ಅವನನ್ನು ಗೋದಾಮಿಗೆ ಹಾಕಿದ್ದಾರೆಂದು ಆಮೇಲೆ ಯಾರೋ ಹೇಳಿದರು.

* * *

ಮೇ ಮುಗಿಯಿತು. ಬಸ್ ಬರಲಿಲ್ಲ. ಜೂನ್‌ನಲ್ಲಿ ಮಳೆ ಬಂತು.

ಕೇಳಿದಾಗಲೆಲ್ಲ ಮೋಹನದಾಸರು "ಬರ್ತದೆ, ಬರ್ತದೆ" ಎಂದರು. ಜುಲೈ ಎರಡನೆಯ ವಾರ ಬಂದದ್ದು ಬಸ್ ಅಲ್ಲ, ಸುದ್ದಿ. ಬೆಳಿಗ್ಗೆ ಏಳಕ್ಕೆ ಸುರಿಯುವ ಮಳೆಯಲ್ಲಿ ಹೆದ್ದಾರಿ ದಾಟುತ್ತಿದ್ದ ಗಿರಿಜಕ್ಕನಿಗೆ ಬೈಕ್ ಬಡಿದಿತ್ತು. ಬಿದ್ದ ಅವರ ಬಲಗೈ ಮೇಲೆ ಹಿಂದಿನಿಂದ ಬಂದ ಟೆಂಪೋದ ಚಕ್ರ ಹಾದುಹೋಗಿತ್ತು.

ಅನಘ ಕೊಡೆಯನ್ನೂ ಮರೆತು ಆಸ್ಪತ್ರೆಗೆ ಓಡಿದಳು. ಆಪರೇಷನ್ ಥಿಯೇಟರಿನ ಹೊರಗೆ ಶೋಭಿತ್ ಗೋಡೆಗೆ ಒರಗಿ ನಿಂತಿದ್ದ. ಅವನ ಅಂಗಿಯ ತೋಳಿನಲ್ಲಿ ರಕ್ತ ಒಣಗಿತ್ತು.

"ಶೋಭಿತ್..."

ಅವನು ತಲೆಯೆತ್ತಿ ನೋಡಿದ. ಆ ಕಣ್ಣುಗಳಲ್ಲಿ ಸಿಟ್ಟು ಕಂಡಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೇನೋ. ಅವು ಯಾರೋ ಅಪರಿಚಿತಳನ್ನು ನೋಡುವ ಕಣ್ಣುಗಳಾಗಿದ್ದವು.

"ಮೂರು ಬೆರಳು ತೆಗೆದ್ರು," ಎಂದ ಅವನು ನಿಧಾನಕ್ಕೆ. "ನಿಮ್ಮ ಲೆಕ್ಕದಲ್ಲಿ ಅದು ಎಷ್ಟು ಕಿಲೋ ಹೊಗೆ ಆಗ್ತದೆ ಮೇಡಂ?"

ಅವಳು ಒದ್ದೆ ಬಟ್ಟೆಯಲ್ಲೇ ಮೆಟ್ಟಿಲಿಳಿದು ಹೊರಗೆ ಬಂದು, ಆಸ್ಪತ್ರೆಯ ಕಾಂಪೌಂಡಿಗೆ ಮುಖ ಮಾಡಿ ಬಿಕ್ಕಿ ಬಿಕ್ಕಿ ಅತ್ತಳು.

ನಾಲ್ಕು ದಿನ ಬಿಟ್ಟು, ಅವನು ಕೆಲಸಕ್ಕೆ ಹೋದ ಹೊತ್ತು ನೋಡಿ, ವಾರ್ಡಿಗೆ ಹೋದಳು. ಗಿರಿಜಕ್ಕ ಎಚ್ಚರವಾಗಿದ್ದರು. ಬಲಗೈ ಬಿಳಿ ಬಟ್ಟೆಯ ದೊಡ್ಡ ಗಂಟಾಗಿತ್ತು. ಅನಘ ಅವರ ಕಾಲ ಬಳಿ ಕೂತು ಅಳತೊಡಗಿದಳು.

"ಅಳ್ಬೇಡ ಮಗಾ. ನೀನು ಅತ್ರೆ ಬೆರಳು ಹುಟ್ತದಾ?"

"ನನ್ನಿಂದ ಆಯ್ತು ಗಿರಿಜಕ್ಕ..."

"ನಿನ್ನಿಂದ್ಲೂ ಆಯ್ತು. ಇಲ್ಲ ಅಂತ ನಾನು ಹೇಳುದಿಲ್ಲ. ನನಗೂ ಸಿಟ್ಟು ಉಂಟು." ಅವರು ಅವಳತ್ತ ಮುಖ ತಿರುಗಿಸಿದರು. "ಒಂದು ಕೇಳ್ತೇನೆ. ವ್ಯಾನ್ ನಿಂತ ಮೇಲೆ ಹೊಗೆ ಕಡಿಮೆ ಆಯ್ತು ಅಂತ ಗೇಟಿನಲ್ಲಿ ಬೋರ್ಡ್ ಹಾಕಿದ್ದಾರೆ. ನಾವು ಈಗ ಹೇಗೆ ಬರುದು ಅಂತ ನಿನ್ನ ಪುಸ್ತಕದಲ್ಲಿ ಉಂಟಾ?"

ಅನಘ ಅಳು ನಿಲ್ಲಿಸಿದಳು.

ಇಲ್ಲ. ಅವಳ ಪುಸ್ತಕದಲ್ಲಿ ಅದಕ್ಕೊಂದು ಕಾಲಂ ಇತ್ತು, 'ಕೆಲಸಗಾರರು ಬಂದು ಹೋಗುವ ದಾರಿ'. ಅದನ್ನು ಖಾಲಿ ಬಿಟ್ಟು 'ಮುಂದಿನ ವರ್ಷ ಸೇರಿಸಲಾಗುವುದು' ಎಂದು ಬರೆದವಳು ಅವಳೇ. ವ್ಯಾನ್ ಕಂಪನಿಯದ್ದು, ಅದರ ಹೊಗೆ ಕಂಪನಿಯ ಲೆಕ್ಕದಲ್ಲಿ. ವ್ಯಾನ್ ನಿಂತರೆ ಆ ಹೊಗೆ ಲೆಕ್ಕದಿಂದ ಮಾಯ! ಹೆಂಗಸರು ಬೇರೆ ಯಾವುದರಲ್ಲಿ ಬಂದರೂ ಕಂಪನಿಗೆ ಕಾಣುವುದಿಲ್ಲ. ತನ್ನ ಅಂಗಳದ ಕಸವನ್ನು ಪಕ್ಕದ ಮನೆಯ ಅಂಗಳಕ್ಕೆ ಗುಡಿಸಿ 'ಎಷ್ಟು ಸ್ವಚ್ಛ ನೋಡಿ' ಎಂದಂತೆ!

"ನೀನು ಒಮ್ಮೆ ನಡೆದು ನೋಡು," ಎಂದರು ಗಿರಿಜಕ್ಕ. "ಅತ್ತದ್ದು ಸಾಕು."

* * *

ಅನಘ ನಡೆದಳು.

ಆಗಸ್ಟ್ ತಿಂಗಳಿಡೀ ದಿನಾ ಬೆಳಿಗ್ಗೆ ಆರೂವರೆಗೆ ಹೆದ್ದಾರಿಯಲ್ಲಿಳಿದು ಹೆಂಗಸರ ಜೊತೆ ಆ ಎರಡು ಕಿಲೋಮೀಟರ್ ನಡೆದಳು. ಲಾರಿಗಳು ಕೆಸರು ಎರಚಿದವು. ಚಪ್ಪಲಿ ಎರಡು ಸಲ ಕಿತ್ತುಹೋಯಿತು. ಮೊದಮೊದಲು ಯಾರೂ ಅವಳ ಜೊತೆ ಮಾತಾಡಲಿಲ್ಲ. ವ್ಯಾನಿನಲ್ಲಿ ತಮಾಷೆ ಮಾಡಿದ್ದ ಅದೇ ಹೆಂಗಸರು ಕೊಡೆ ಅಡ್ಡ ಹಿಡಿದು ಮುಂದೆ ಸಾಗಿದರು. ಹತ್ತನೆಯ ದಿನ ಒಬ್ಬಳು ತನ್ನ ಕೊಡೆಯನ್ನು ಸ್ವಲ್ಪ ಅವಳ ಕಡೆಗೆ ವಾಲಿಸಿದಳು. ಅನಘಳ ಕಣ್ಣು ತುಂಬಿತು.

ಒಬ್ಬೊಬ್ಬರನ್ನೂ ಕೇಳಿದಳು. ಯಾವ ಊರು, ಯಾವುದರಲ್ಲಿ ಬಂದದ್ದು, ಬಿಟ್ಟು ಹೋದವರು ಖಾಲಿ ವಾಪಸ್ ಹೋದರಾ... ಆಟೋದ ಇಮ್ತಿಯಾಝ್ ತಾನೇ ಹತ್ತಿರ ಬಂದು ಹೇಳಿದ.

"ನಾವು ಒಂಬತ್ತು ಆಟೋ ಇದ್ದೇವೆ ಮೇಡಂ. ಬೆಳಿಗ್ಗೆ ಬಿಟ್ಟು ಖಾಲಿ ಹೋಗುದು, ಸಂಜೆ ಖಾಲಿ ಬರುದು. ವ್ಯಾನ್ ಇದ್ದಾಗ ಇದು ಎಂತ ಇರ್ಲಿಲ್ಲ."

ಗಂಡನ ಬೈಕಿನಲ್ಲಿ, ಮಗನ ಸ್ಕೂಟರಿನಲ್ಲಿ ಬರುವವರು ಹನ್ನೆರಡು ಜನ. ಉಳಿದವರಿಗೆ ಲೈನ್ ಬಸ್ಸು, ಮತ್ತೆ ಕಾಲು. ಅನಘ ಎಲ್ಲವನ್ನೂ ಕೂಡಿಸಿದಳು. ಹಳೆಯ ವ್ಯಾನ್ ದಿನಕ್ಕೆ ಉಗುಳುತ್ತಿದ್ದದ್ದು ನಲವತ್ತೆಂಟು ಕಿಲೋ ಕಾರ್ಬನ್. ಈಗ ದಾರಿಯಲ್ಲಿ ಏಳುತ್ತಿದ್ದದ್ದು ಐವತ್ತೈದು.

ಮೂರು ಸಲ ಕೂಡಿಸಿದಳು. ಮೂರು ಸಲವೂ ಐವತ್ತೈದೇ. ಹೊಗೆಯೂ ಇಳಿದಿರಲಿಲ್ಲ, ಗಿರಿಜಕ್ಕನ ಬೆರಳುಗಳೂ ಉಳಿದಿರಲಿಲ್ಲ.

ಅರ್ಧ ವರ್ಷದ ವರದಿ ಅಕ್ಟೋಬರಿನಲ್ಲಿ ಹೋಗಬೇಕಿತ್ತು. ಅನಘ ಸೇರಿಸಿದ ಹೊಸ ಪುಟ ನೋಡಿ ಮೋಹನದಾಸರು ಮುಖ ಗಂಟಿಕ್ಕಿದರು.

"ಇದನ್ನು ತೆಗೀರಿ. ಶೇಕಡಾ ಹನ್ನೊಂದು ಅಂತ ಎಲ್ಲ ಕಡೆ ಹೇಳಿ ಆಗಿದೆ. ನಿಮ್ಮ ಕರಾರು ಡಿಸೆಂಬರಿಗೆ ಮುಗೀತದೆ. ಕಾಯಂ ಮಾಡುವ ಮಾತು ನಡೀತಾ ಉಂಟು. ಗೊತ್ತುಂಟಲ್ಲ?"

ಅನಘ ಮನೆಗೆ ಬಂದು ಅನ್ನ ಮುಟ್ಟದೆ ಕೂತಳು. ಅಪ್ಪ ಕಮಲಾಕ್ಷ ಕದ್ರಿಯ ಬಳಿಯ ಒಂದು ಸಣ್ಣ ಗುಡಿಯ ಅರ್ಚಕರು. ಮಗಳ ಮುಖ ನೋಡಿ ಎದುರಿಗೆ ಬಂದು ಕೂತರು. ಅವಳು ಎಲ್ಲವನ್ನೂ ಹೇಳಿದಳು. ಶೋಭಿತ್‌ನ ಹೆಸರು ಬಂದಾಗ ಧ್ವನಿ ನಡುಗಿತು. ಅಪ್ಪ ಅದನ್ನು ಗಮನಿಸಿದರೂ ಅದರ ಬಗ್ಗೆ ಏನೂ ಕೇಳಲಿಲ್ಲ.

"ಮಂತ್ರ ಹೇಳುವಾಗ ಕೆಲವು ಸಲ ಒಂದು ಸಾಲು ಬಿಟ್ಟುಹೋಗ್ತದೆ," ಎಂದರು. "ಎದುರು ಕೂತವರಿಗೆ ಗೊತ್ತಾಗುದಿಲ್ಲ. ಕೈ ಮುಗಿದು ಪ್ರಸಾದ ತಕೊಂಡು ಹೋಗ್ತಾರೆ. ಆದ್ರೆ ನನಗೆ ಗೊತ್ತುಂಟಲ್ಲ? ನಾನು ಮತ್ತೆ ಮೊದಲಿನಿಂದ ಹೇಳ್ತೇನೆ."

"ಕೆಲಸ ಹೋಗ್ತದೆ ಅಪ್ಪಾ..."

"ಹೋಗ್ಬಹುದು. ಈಗ ಊಟ ಮಾಡು."

* * *

ವರದಿಯನ್ನು ಪರಿಶೀಲಿಸಲು ಹೊರಗಿನ ಸಂಸ್ಥೆಯಿಂದ ಬಂದವರು ರಮ್ಲಾ. ಕನ್ನಡಕದ ಹಿಂದಿನ ಚುರುಕು ಕಣ್ಣು, ಕಡಿಮೆ ಮಾತು. ವ್ಯಾನ್ ನಿಂತದ್ದನ್ನು ಖಚಿತಪಡಿಸಲು ಶೋಭಿತ್‌ನನ್ನೂ ಕರೆಸಿದ್ದರು. ಅವನು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತ. ಮೂರು ತಿಂಗಳ ನಂತರ ಅನಘ ಅವನನ್ನು ಇಷ್ಟು ಹತ್ತಿರದಿಂದ ನೋಡಿದ್ದು. ಸೊರಗಿಹೋಗಿದ್ದ. ಅವನು ಅವಳತ್ತ ನೋಡಲಿಲ್ಲ.

"ಇಳಿಕೆಯೆಲ್ಲ ಈ ಒಂದು ವ್ಯಾನಿನಿಂದಲೇ?" ರಮ್ಲಾ ಕೇಳಿದರು.

"ಹೌದು," ಎಂದರು ಮೋಹನದಾಸರು. "ಅನಘ ಅವರದ್ದೇ ಶಿಫಾರಸು."

ಅನಘ ಎದ್ದು ನಿಂತಳು. ತಾನೇ ಮುದ್ರಿಸಿ ತಂದ ಪುಟವನ್ನು ರಮ್ಲಾ ಅವರ ಮುಂದಿಟ್ಟಳು.

"ಮೇಡಂ, ಇಳಿಕೆ ಆಗಿಲ್ಲ. ಹೊಗೆ ಹೆಚ್ಚಾಗಿದೆ. ವ್ಯಾನ್ ನಿಲ್ಲಿಸಿದ ಮೇಲೆ ಹೆಂಗಸರು ಹೇಗೆ ಬರ್ತಾರೆ ಅಂತ ನಾನು ಲೆಕ್ಕ ಹಾಕ್ಲಿಲ್ಲ. ಆ ಕಾಲಂ ಖಾಲಿ ಬಿಟ್ಟದ್ದು ನಾನು. ಇದು ನನ್ನ ತಪ್ಪು."

ರಮ್ಲಾ ಪುಟವನ್ನು ಕೈಗೆತ್ತಿಕೊಂಡರು.

"ಇದರಿಂದ ಒಬ್ಬರು... ಒಬ್ಬರು ಮೂರು ಬೆರಳು ಕಳ್ಕೊಂಡಿದ್ದಾರೆ." ಅವಳು ಪುಟದ ಕೊನೆಯ ಸಾಲಿಗೆ ಬೆರಳಿಟ್ಟಳು. "ಅದಕ್ಕೆ ನನ್ನ ಹತ್ರ ಕಾಲಂ ಇಲ್ಲ."

ಮೋಹನದಾಸರು ಕೆಮ್ಮಿದರು. "ಅನಘ ಅವರಿಗೆ ಸ್ವಲ್ಪ ಮನಸ್ಸು ಸರಿ ಇಲ್ಲ..."

ಆ ಮಾತು ಕೇಳಿಸದವರಂತೆ ರಮ್ಲಾ ಹಳೆಯ ಫೈಲ್ ತಿರುಗಿಸುತ್ತಿದ್ದರು. ಒಂದು ಪುಟದಲ್ಲಿ ಬೆರಳು ನಿಂತಿತು.

"ಅನಘ, ಇದು ನಿಮ್ಮ ಮೊದಲ ಟಿಪ್ಪಣಿ ಅಲ್ವಾ? ಬಸ್ ಬರುವ ತನಕ ವ್ಯಾನ್ ನಿಲ್ಲಿಸಬಾರದು ಅಂತ ಇದ್ರಲ್ಲಿ ಉಂಟು. ಆದೇಶದಲ್ಲಿ ಇಲ್ಲ. ಯಾಕೆ?"

ಬಾಗಿಲ ಬಳಿ ಕುರ್ಚಿ ಸರಿದ ಸದ್ದಾಯಿತು. ಶೋಭಿತ್ ತಲೆಯೆತ್ತಿದ್ದ.

ಒಂದು ಮಾತು ಹೇಳಿದ್ದರೆ ಸಾಕಿತ್ತು. ತಪ್ಪೆಲ್ಲ ಮೋಹನದಾಸರ ಹೆಗಲಿಗೆ ಹೋಗುತ್ತಿತ್ತು. ಅನಘ ಹೇಳಲಿಲ್ಲ.

"ಆದೇಶದ ಮೇಲಿನ ಸಹಿ ನನ್ನದೇ ಮೇಡಂ. ಆ ಸಾಲು ಇಲ್ಲ ಅಂತ ನೋಡಿಯೇ ಹಾಕಿದ್ದು."

ಶೇಕಡಾ ಹನ್ನೊಂದು ಅಂದೇ ವರದಿಯಿಂದ ಅಳಿಸಿಹೋಯಿತು. ಗೇಟಿನ ಬೋರ್ಡ್ ಇಳಿಯಿತು. ಹೆಂಗಸರ ದಾರಿಯ ಹೊಗೆಯೂ ಕಂಪನಿಯ ಲೆಕ್ಕಕ್ಕೆ ಸೇರಿದ್ದೇ ತಡ, ತಿಂಗಳುಗಟ್ಟಲೆ ಬಾರದ ಕರೆಂಟಿನ ಬಸ್ ಹದಿನೈದು ದಿನದಲ್ಲಿ ಬಾಡಿಗೆಗೆ ಬಂತು! ಅನಘಳನ್ನು ಕಾಯಂ ಮಾಡುವ ಮಾತು ಮತ್ತೆ ಯಾರ ಬಾಯಲ್ಲೂ ಬರಲಿಲ್ಲ.

ಶೋಭಿತ್‌ನೂ ಬರಲಿಲ್ಲ. ಒಂದು ಕರೆ ಇಲ್ಲ, ಒಂದು ಮೆಸೇಜ್ ಇಲ್ಲ. 'ಸತ್ಯ ಹೇಳಿದ ಮಾತ್ರಕ್ಕೆ ಬೆರಳು ಮರಳಿ ಬರುತ್ತದೆಯೇ? ಅವನು ಯಾಕೆ ಬರಬೇಕು?' ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡರೂ ಫೋನ್ ಸದ್ದಾದಾಗಲೆಲ್ಲ ಓಡಿ ಹೋಗಿ ನೋಡುತ್ತಿದ್ದಳು.

* * *

ಡಿಸೆಂಬರಿನ ಕೊನೆಯ ಕೆಲಸದ ದಿನ. ಮೇಜು ಖಾಲಿ ಮಾಡಿ, ಬೀಗದ ಕೈ ಒಪ್ಪಿಸಿ, ಅನಘ ನಡೆದುಕೊಂಡೇ ಹಂಪನಕಟ್ಟೆಗೆ ಬಂದಳು. ಸಂಜೆ ಐದರ ಗದ್ದಲ. ಕಂಡಕ್ಟರುಗಳ ಸೀಟಿ, ಹೂವಿನವರ ಕೂಗು. ಕದ್ರಿಯ ಕಡೆಯ ಬಸ್ ಬಂತು, ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು. ಅವಳಿಗೆ ಹತ್ತಲು ಮನಸ್ಸಾಗಲಿಲ್ಲ.

"ಎರಡು ಬಸ್ ಬಿಟ್ರಿ. ಮೂರನೆಯದ್ದರಲ್ಲಿ ಹೋಗ್ತೀರೋ ಏನೋ ಅಂತ ಹೆದ್ರಿಕೆ ಆಯ್ತು."

ಅನಘ ತಿರುಗಿದಳು. ಶೋಭಿತ್! ಹೊಸ ಬಸ್ಸಿನ ಚಾಲಕನ ಸಮವಸ್ತ್ರದಲ್ಲಿ, ಎರಡು ಕೈಯನ್ನೂ ಜೇಬಿನಲ್ಲಿಟ್ಟು ನಿಂತಿದ್ದ.

"ನೀವು... ಇಲ್ಲಿ?"

"ಇವತ್ತು ನಿಮ್ಮ ಕೊನೆ ದಿನ ಅಂತ ಹೆಂಗಸರು ಹೇಳಿದ್ರು. ಹೊಸ ಬಸ್ಸಿನಲ್ಲಿ ಹೊಗೆಯೂ ಇಲ್ಲ, ಶಬ್ದವೂ ಇಲ್ಲ. ಅವರು ಮಾತಾಡಿದ್ದೆಲ್ಲ ಕೇಳ್ತದೆ. ದಿನಾ ನನ್ನನ್ನೇ ಬೈಯುದು."

"ಎಂತಕ್ಕೆ?"

"ನಿಮ್ಮನ್ನು ಹೀಗೇ ಹೋಗ್ಲಿಕ್ಕೆ ಬಿಡ್ತೇನೆ ಅಂತ."

ಅನಘ ತಲೆ ತಗ್ಗಿಸಿದಳು. "ಗಿರಿಜಕ್ಕ ಹೇಗಿದ್ದಾರೆ?"

"ಎಡಗೈಯಲ್ಲಿ ಊಟ ಮಾಡ್ಲಿಕ್ಕೆ ಕಲ್ತಿದ್ದಾರೆ. ಚೆಲ್ತದೆ, ನಗ್ತಾರೆ. ಒಬ್ಬರೇ ಇರುವಾಗ ಅಳ್ತಾರೆ." ಅವನು ರಸ್ತೆಯತ್ತ ಮುಖ ತಿರುಗಿಸಿದ. "ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಯಾರೂ ಕೂತ್ಕೊಳ್ಳುದಿಲ್ಲ. ಅಮ್ಮನದ್ದು ಅಂತ ಖಾಲಿ ಬಿಟ್ಟಿದ್ದಾರೆ."

ಅವಳ ಕಣ್ಣಿನಿಂದ ನೀರು ಇಳಿಯಿತು. ಒರೆಸಿಕೊಳ್ಳಲಿಲ್ಲ.

"ಆ ಎರಡನೆಯ ಸಾಲಿನ ವಿಷಯ ಅವತ್ತೇ ಎಂತಕ್ಕೆ ಹೇಳ್ಲಿಲ್ಲ ನೀವು? ಅಷ್ಟು ಬೈದೆ ನಾನು..."

"ಹೇಳಿದ್ರೆ ನೀವು ಕ್ಷಮಿಸ್ತಿದ್ರಿ. ಆದ್ರೆ ಸಹಿ ಹಾಕುವಾಗ ನನಗೆ ಎಲ್ಲ ಗೊತ್ತಿತ್ತು ಶೋಭಿತ್. ನನ್ನ ಹೆಸರು ಬರ್ತದೆ ಅಂತ ಆಸೆ ಆಯ್ತು. ನಿಮ್ಮ ನಂಬಿಕೆಗಿಂತ ಅದು ದೊಡ್ಡದಾಯ್ತು ನನಗೆ." ಅವಳು ಉಸಿರೆಳೆದುಕೊಂಡಳು. "ಈಗಾದ್ರೂ... ಕ್ಷಮಿಸಿದ್ದೀರಾ?"

"ಇಲ್ಲ."

ಅನಘ ಕಣ್ಣು ಮುಚ್ಚಿದಳು. ಇದೇ ಉತ್ತರ ಎಂದು ಅವಳಿಗೆ ಗೊತ್ತಿತ್ತು.

"ಅಮ್ಮನಿಗೆ ತಲೆ ಬಾಚುವಾಗ ಸಿಟ್ಟು ಬರ್ತದೆ," ಶೋಭಿತ್‌ನ ಧ್ವನಿ ಒಡೆಯಿತು. "ಅವರ ಬಟ್ಟೆಗೆ ಹುಕ್ ಹಾಕ್ಲಿಕ್ಕೆ ಪಕ್ಕದ ಮನೆಯವರನ್ನು ಕರೆಯುವಾಗ ಬರ್ತದೆ. ನಾಳೆಯೂ ಬರ್ತದೆ, ಸುಳ್ಳು ಹೇಳುದಿಲ್ಲ. ಆದ್ರೆ 'ಅನಘ ಎಂತ ಮಾಡಿದ್ರಿ ನೀವು' ಅಂತ ಕೇಳ್ಲಿಕ್ಕೆ ತಿರುಗಿದ್ರೆ ನೀವು ಇರುದಿಲ್ಲ. ಆಗ ಸಿಟ್ಟಿಗಿಂತ ಹೆಚ್ಚು ಬೇಜಾರಾಗ್ತದೆ. ಆರು ತಿಂಗಳಿಂದ ಹೀಗೇ. ನಿಮ್ಮ ಮೇಲಿನ ಸಿಟ್ಟನ್ನೂ ನಿಮ್ಮ ಹತ್ರವೇ ಹೇಳ್ಬೇಕು ನನಗೆ. ಬೇರೆ ಯಾರ ಹತ್ರ ಹೇಳ್ಲಿ? ನನಗೆ ಬೇರೆ ಯಾರೂ ಬೇಡ."

ಬಸ್ ಬಂದು ನಿಂತಿತು. ಕಂಡಕ್ಟರ್ "ಕದ್ರಿ, ಕದ್ರಿ" ಎಂದು ಕೂಗಿ, ಅಳುತ್ತಿದ್ದ ಇಬ್ಬರನ್ನೂ ಒಮ್ಮೆ ನೋಡಿ, ಸೀಟಿ ಊದಿದ. ಅದು ಹೊರಟುಹೋದದ್ದು ಅವರಿಬ್ಬರಿಗೂ ಗೊತ್ತಾಗಲಿಲ್ಲ.

"ನಾನು ಎದುರಿಗೇ ಇದ್ರೆ ಸಿಟ್ಟು ಇನ್ನೂ ಹೆಚ್ಚಾದ್ರೆ?" ಅವಳು ಪಿಸುಗುಟ್ಟಿದಳು.

"ಹೆಚ್ಚಾಗ್ಲಿ. ಬೈತೇನೆ."

"ಬೈದು ಮುಗಿದ ಮೇಲೆ?"

"ಚಹಾ ಕುಡಿಯುವ. ಅಮ್ಮ ಕೇಳ್ತಾ ಇದ್ರು, ನಿಮಗೆ ತಲೆ ಬಾಚ್ಲಿಕ್ಕೆ ಬರ್ತದಾ ಅಂತ. ನಾನು ಬಾಚಿದ್ರೆ ನೋವಾಗ್ತದಂತೆ."

"ಬರ್ತದೆ," ಎಂದಳು ಅನಘ. ಅಳುವಿನ ನಡುವೆ ಅವಳ ತುಟಿ ನಡುಗುತ್ತಾ ನಕ್ಕಿತು. "ಜಡೆಯೂ ಹಾಕ್ಲಿಕ್ಕೆ ಬರ್ತದೆ."

"ಹಾಗಾದ್ರೆ ಬನ್ನಿ."

ಅವನು ಜೇಬಿನಿಂದ ಕೈ ತೆಗೆದು ಚಾಚಿದ. ಅವಳು ಅದನ್ನು ಎರಡೂ ಕೈಯಿಂದ ಹಿಡಿದುಕೊಂಡಳು.